ಕಣ್ಣು ಬಿಡದ ಮರಿಗಳು

ಗೋಡೆಗೆ ಒರಗಿಸಿ ಕೂರಿಸಿದ್ದ ಸವತಿ ರಂಗಕ್ಕನ ತಲೆಗೆ ಹರಳೆಣ್ಣೆ ಹಚ್ಚಿ ಕದರಮ್ಮ ಸಿಕ್ಕು ಬಿಡಿಸುತ್ತಿದ್ದಳು. ಅಷ್ಟರಲ್ಲಿ ಕೊಟ್ಟಿಗೆಯ ಕಡೆಯಿಂದ ಮೈದುನನ ಮಗ ಮುದ್ದಣ್ಣ ಕೂಗಿಕೊಂಡ.

"ದೊಡ್ಡವ್ವಾ, ಈ ನಾಯಿ ಒಳೀಕೆ ಕಾಲಿಡಾಕೆ ಬುಡ್ತಿಲ್ಲ ಕಣಮ್ಮ! ಚಟ್ಟಕ್ಕೆ ಬಿದಿರು ಎಳ್ಕೊಳಾದೆಂಗೆ?"

ಕದರಮ್ಮ ಎಣ್ಣೆಗೈಯಲ್ಲೇ ಎದ್ದು ಹೋದಳು. ಕೊಟ್ಟಿಗೆಯ ಮೂಲೆಯ ಹುಲ್ಲಿನ ಮೇಲೆ ರಂಗಕ್ಕನ ನಾಯಿ ಬೆಳವಿ ಹಲ್ಲು ಕಿರಿದು ನಿಂತಿತ್ತು. ಬೆಳವಕ್ಕಿಯ ಬೂದು ಬಣ್ಣದ, ಬಿಲ್ಲಿನಂತೆ ಬೆನ್ನು ಬಾಗಿದ ಬೇಟೆನಾಯಿ. ಅದರ ಕಾಲಡಿಯಲ್ಲಿ ನಾಲ್ಕು ಮರಿಗಳು ಒಂದರ ಮೇಲೊಂದು ಬಿದ್ದು ಕುಂಯ್‌ಗುಡುತ್ತಿದ್ದವು. ಮುದ್ದಣ್ಣನ ಕೈಯಲ್ಲಿ ಕೋಲಿತ್ತು.

"ಮೊದ್ಲು ಕೋಲು ಕೆಳೀಕಾಕು. ಹೆತ್ತು ಇನ್ನೂ ವಾರ ಆಗಿಲ್ಲ, ಕೋಲು ಕಂಡ್ರೆ ಸುಮ್ಕಿರ್ತದಾ? ಹಿಂದ್ಗಡೆ ಗೋಡೆ ಮ್ಯಾಲಿಂದ ಎಳ್ಕಾ ಓಗು."

"ಮಣ್ಣು ಮುಗೀಲಿ, ಇದುನ್ನ ಇವತ್ತೇ ಯಾರಿಗಾನಾ ದಾಟಿಸ್ಬುಡ್ತೀನಿ. ನಿಂಗಂತೂ ನಾಯಿ ಕಂಡ್ರಾಗಲ್ಲ."

ಕದರಮ್ಮ ಹಿಂದಿರುಗಿ ಬಂದು, ಬೈತಲೆ ತೆಗೆದು, ರಂಗಕ್ಕನ ಜಡೆ ಹೆಣೆಯತೊಡಗಿದಳು. ಕೂದಲು ಇನ್ನೂ ದಟ್ಟವಾಗಿತ್ತು. ಇಷ್ಟು ವರ್ಷ ಒಂದೇ ಸೂರಿನಡಿ ಬಾಳಿಯೂ ಆ ತಲೆಯನ್ನು ಮುಟ್ಟಿದ್ದು ಇದೇ ಮೊದಲು.

*

ಮದುವೆಯಾಗಿ ಎಷ್ಟೋ ವರ್ಷ ಕದರಮ್ಮನಿಗೆ ಮಕ್ಕಳಾಗಲಿಲ್ಲ. ಗಂಡ ಪಾವಗಡದ ಕಡೆಯಿಂದ ರಂಗಕ್ಕನನ್ನು ಕಟ್ಟಿಕೊಂಡು ಬಂದ. ಹೊಸ ಹೆಣ್ಣು ಗಾಡಿಯಿಂದ ಇಳಿದಾಗ ಅವಳ ಕೈಯಲ್ಲೊಂದು ಹಗ್ಗ, ಹಗ್ಗದ ತುದಿಯಲ್ಲೊಂದು ಹೆಣ್ಣುನಾಯಿ. ತವರಿನವರು ಕೊಟ್ಟ ಬಳುವಳಿಯೆಂದರೆ ಅದೊಂದೇ.

"ಒಂದು ಬಾಯಿ ಬತ್ತದೆ ಅಂದಿದ್ರಿ, ಎಲ್ಡು ಬಂದವೆ" ಎಂದು ಕದರಮ್ಮ ಒಳಕ್ಕೆ ಹೋಗಿಬಿಟ್ಟಳು.

ರಂಗಕ್ಕನಿಗೂ ಮಕ್ಕಳಾಗಲಿಲ್ಲ. ಊರೂರನ್ನೇ ಮಲಗಿಸಿದ ದೊಡ್ಡ ಜ್ವರದ ವರ್ಷ ಗಂಡನೂ ಹೋದ. ಉಳಿದದ್ದು ಇಬ್ಬರು ಹೆಂಗಸರು, ಒಂದಿಷ್ಟು ಹೊಲ, ಹಿತ್ತಲ ತುಂಬ ನಾಯಿಮರಿಗಳು. ಯಾವುದೋ ಜಗಳದಲ್ಲಿ ಇಬ್ಬರ ಮಾತೂ ನಿಂತಿತು. ಆದರೆ ಒಂದೇ ಒಲೆ, ಒಂದೇ ಹೊಲ. ಮಾತಿಲ್ಲದೆ ನಡೆಯುವುದು ಹೇಗೆ? ಕದರಮ್ಮ ಹೊಸ್ತಿಲಲ್ಲಿ ನಿಂತು ನಾಯಿಗೆ ಹೇಳುತ್ತಿದ್ದಳು:

"ಏ, ನಿನ್ನ ಒಡತಿಗೆ ಹೇಳು, ಮುದ್ದೆ ಆರ್ತಾ ಐತೆ ಅಂತ."

ರಂಗಕ್ಕ ನಾಯಿಯ ಕಿವಿ ಸವರುತ್ತ, "ಕೈ ತೊಳ್ಕಂಡು ಬತ್ತಾವ್ಳೆ ಅಂತ ಅಕ್ಕಂಗೇಳು" ಅನ್ನುತ್ತಿದ್ದಳು.

ಹೀಗೆಯೇ ವರ್ಷಗಳು ಕಳೆದವು. ಒಂದು ಬೇಸಿಗೆಯಲ್ಲಿ, ಹಲ್ಲೆಲ್ಲ ಉದುರಿ ಮುದಿಯಾಗಿದ್ದ ಆ ನಾಯಿ ಸತ್ತಿತು. ರಂಗಕ್ಕ ತಾನೇ ಗುಂಡಿ ತೋಡಿ ಹೂತಳು. ಮಣ್ಣಿನ ಪಕ್ಕದಲ್ಲೇ ಕುಳಿತವಳು ಹೊತ್ತಿಳಿದರೂ ಏಳಲಿಲ್ಲ. ಕದರಮ್ಮ ಹಿತ್ತಲ ಬಾಗಿಲಿಗೆ ಬಂದು, ರೂಢಿಯಂತೆ ಬಾಯಿ ತೆರೆದು, ಅತ್ತಿತ್ತ ನೋಡಿದಳು. ಮರಿಗಳೆಲ್ಲ ಅವರಿವರ ಮನೆ ಸೇರಿದ್ದವು, ಹೇಳಿ ಕಳಿಸಲು ಯಾರೂ ಇರಲಿಲ್ಲ.

"ರಂಗೀ" ಎಂದಳು ಕೊನೆಗೆ. "ಮುದ್ದೆ ಆರ್ತದೆ. ಎದ್ದು ಬಾ."

*

ಮಧ್ಯಾಹ್ನದ ಹೊತ್ತಿಗೆ ಕೂಟದವರು ಮಣ್ಣಿಗೆ ಬಂದರು. ಸುತ್ತಲ ಏಳೆಂಟು ಊರುಗಳಲ್ಲಿ ರಂಗಕ್ಕನ ನಾಯಿಯ ತಳಿ ಸಾಕಿದವರೆಲ್ಲ ಸೇರಿ ಕಟ್ಟಿಕೊಂಡಿದ್ದ ನಾಯಿಕೂಟ ಅದು. ಸುಗ್ಗಿ ಮುಗಿದ ಮೇಲೆ ವರ್ಷಕ್ಕೊಮ್ಮೆ ನಾಯಿಗಳನ್ನು ಹಿಡಿದು ಈ ಮನೆಗೇ ಬರುತ್ತಿದ್ದರು. ಒಣಗಿದ ಕೆರೆಯಂಗಳದಲ್ಲಿ ಓಡಿಸಿ ನೋಡುವರು. ಆಮೇಲೆ ಹುಣಸೆಮರದ ಕೆಳಗೆ ಕುಳಿತು ಯಾವ ಹೆಣ್ಣಿಗೆ ಯಾವ ಗಂಡು, ಮರಿ ಯಾರ ಮನೆಗೆ ಎಂದು ತೀರ್ಮಾನಿಸುವರು. ಮರಿಗಳನ್ನು ಮಾರುವಂತಿರಲಿಲ್ಲ, ಕಟ್ಟಿಹಾಕಿ ಉಪವಾಸ ಕೆಡವುವವರಿಗೆ ಕೊಡುವಂತಿರಲಿಲ್ಲ. ಗಂಡಸರ ನಡುವೆ ಕೂರುತ್ತಿದ್ದ ಹೆಂಗಸು ರಂಗಕ್ಕ ಒಬ್ಬಳೇ.

ಮಧುಗಿರಿಯಲ್ಲಿ ಕಡಲೆಕಾಯಿ ಮಂಡಿ ಇಟ್ಟಿದ್ದ ರೇಣುಕಯ್ಯನವರು ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸಿನಲ್ಲಿ ಹೊರಟು, ಅದು ದಾರಿಯಲ್ಲಿ ಎರಡು ಕಡೆ ಕೆಟ್ಟು ನಿಂತಿದ್ದರಿಂದ ತಡವಾಗಿ ಬಂದು, ಬೆವರು ಒರೆಸಿಕೊಳ್ಳುತ್ತ ಜಗಲಿಯಲ್ಲಿ ಕುಳಿತರು. ಗೌಡಗೆರೆಯ ಪಾಲಪ್ಪ ಗಾಡಿ ಕಟ್ಟಿಕೊಂಡೇ ಬಂದಿದ್ದ.

"ನನ್ನ ಕೆಂದನಂಗೆ ಓಡೋ ನಾಯಿ ಈ ಸೀಮೇಲೇ ಇರ್ಲಿಲ್ಲ ಕಣ್ಲಾ" ಎಂದ ಪಾಲಪ್ಪ, ಮುದ್ದಣ್ಣನ ಕಡೆ ತಿರುಗಿ. "ಒಂದ್ಸಲ ಒಂದು ಮಗೀಗೆ ಬಾಯಾಕ್ಬುಡ್ತು. ರಕ್ತಾನೂ ಬರ್ಲಿಲ್ಲ. ರಂಗಕ್ಕ, ಇದ್ರ ಬೀಜ ಬ್ಯಾಡ ಅಂದ್ಬುಟ್ಲು. ಒಂದು ವರ್ಸ ನಾನು ಆಯಮ್ಮನ ಮಕ ನೋಡ್ಲಿಲ್ಲ."

"ಅಂಗಾದ್ರೆ ಮತ್ಯಾಕೆ ಬಂದೆ ಮಾವ?"

"ಮಾರನೇ ವರ್ಸ ಆಯಮ್ಮನೇ ಒಂದು ಮರಿ ಎತ್ಕಂಡು ನಮ್ಮೂರಿಗೆ ನಡ್ಕಂಡು ಬಂದ್ಲು. ನನ್ನ ಮೊಮ್ಮಗಳು ಅದ್ರ ಬೆನ್ ಮ್ಯಾಲೇ ತಲೆ ಇಟ್ಟು ಮನಗಾಳು." ಪಾಲಪ್ಪ ಟವೆಲ್ಲಿನಿಂದ ಮುಖ ಒತ್ತಿಕೊಂಡ.

ರೇಣುಕಯ್ಯನವರು ಮೆಲ್ಲಗೆ ಅಂದರು: "ಹೋದ ವರ್ಷ ರೋಗ ಬಂದು ನಾಯಿಗಳೆಲ್ಲ ಹೋದುವಲ್ಲಪ್ಪ. ಆ ರಕ್ತದ್ದು ಹೆಣ್ಣು ಅಂತ ಉಳಿದಿರೋದು ಈ ಬೆಳವಿ ಒಂದೇ. ಇದೂ ಹೋದ್ರೆ ನಮ್ಮ ಕೂಟಾನೂ ಮುಗೀತು ಅನ್ನು."

ಒಳಗೆ ಕುಂಕುಮದ ಬಟ್ಟಲು ಹುಡುಕುತ್ತಿದ್ದ ಕದರಮ್ಮನಿಗೆ ಅದು ಕೇಳಿಸಿತು.

*

ಹೆಂಗಸರು ಊರಬಾಗಿಲವರೆಗೆ ಹೋಗಿ ನಿಂತರು. ಚಟ್ಟ ಬೇಲಿಯ ತಿರುವಿನಲ್ಲಿ ಮರೆಯಾಗುವ ತನಕ ಕದರಮ್ಮ ನೋಡುತ್ತಲೇ ಇದ್ದಳು. ಅಳು ಬರಲಿಲ್ಲ. ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡಾಗ, ಬೆನ್ನಿಗೆ ನೀರು ಹುಯ್ಯುವವರಿಲ್ಲ ಎಂದು ಚೊಂಬು ಹಿಡಿದ ಕೈ ಮೇಲೇ ನಿಂತಿತು. ಅಳು ಬಂದದ್ದು ಆಗ.

ಮಣ್ಣು ಮಾಡಿ ಬಂದವರು ಒಳಗೆ ಹಚ್ಚಿಟ್ಟಿದ್ದ ದೀಪ ನೋಡಿ ಹೊರಬಂದರು. ತಾಯಿ, ಮರಿಗಳನ್ನು ಒಯ್ಯಲೆಂದು ಪಾಲಪ್ಪ ಗಾಡಿಯಲ್ಲಿ ಕುಕ್ಕೆಯಿಟ್ಟು ಕೊಟ್ಟಿಗೆಯ ಕಡೆ ಹೊರಟ. ಕದರಮ್ಮ ಅಡ್ಡ ಬಂದಳು.

"ಪಾಲಪ್ಪ, ಅವು ಕಣ್ಣು ಬುಟ್ಟವಾ?"

"ಇನ್ನೂ ಎಲ್ಲಿ ಬುಡ್ತವೆ ಅತ್ಗೆ."

"ಮತ್ತೆ? ಕಣ್ಣು ಬುಡದ ಮರೀನ ಉಟ್ಟಿದ್ ಮನೆಯಿಂದ ಎತ್ಬಾರ್ದು ಅಂತ ಕಟ್ಟು ಮಾಡ್ಕಂಡೋರು ನೀವೇ ಅಲ್ವಾ?"

ರೇಣುಕಯ್ಯನವರು ಬೆರಗಾಗಿ ತಿರುಗಿದರು. "ನಿಮಗೆ ಹೆಂಗೆ ಗೊತ್ತಮ್ಮ ಅದು?"

"ವರ್ಸಾ ವರ್ಸಾ ನಿಮ್ಗೆಲ್ಲ ಮುದ್ದೆ ತಿರುವ್ದೋರು ಯಾರು ಸ್ವಾಮಿ? ಒಲೆ ಮುಂದೆ ಕುಂತೋರ್ಗೆ ಕಿವಿ ಇರಲ್ವಾ?"

ಪಾಲಪ್ಪ ತಲೆ ತಗ್ಗಿಸಿ ಹೇಳಿದ: "ನಿಮ್ಮ ಮಾತು ಸರಿ ಅತ್ಗೆ. ಆದ್ರೆ ಅದು ಬೆಳಿಗ್ಗೆಯಿಂದ ಒಂದು ತೊಟ್ಟು ನೀರು ಮುಟ್ಟಿಲ್ಲ. ಆಲು ಬತ್ತೋದ್ರೆ ನಾಕು ಮರೀನೂ ಓಯ್ತವೆ. ನಿಮ್ ಕೈಯಿಂದ ತಿಂದಾತಾ ಅದು? ಒಂದು ದಿನಾನಾದ್ರೂ ಮುಟ್ಟಿದ್ದೀರಾ ನೀವು?"

ಕದರಮ್ಮ ಪಕ್ಕದ ಮನೆಯವರು ಕಾಸಿ ತಂದ ರಾಗಿ ಗಂಜಿಗೆ ಹಾಲು ಬೆರೆಸಿ, ಮಣ್ಣಿನ ಬೋಗುಣಿಯಲ್ಲಿ ಹಿಡಿದು ಕೊಟ್ಟಿಗೆಗೆ ಹೋದಳು. ಬೆಳವಿ ಗುರ್ರೆಂದಿತು. ಬೋಗುಣಿಯನ್ನು ಮುಂದಕ್ಕೆ ತಳ್ಳಿದರೆ ಮುಖ ತಿರುಗಿಸಿ ಗೋಡೆಗೆ ಮೂತಿ ಹಚ್ಚಿತು. ಮರಿಯೊಂದು ಬರಿಯ ಮೊಲೆ ಚೀಪಿ ಚೀಪಿ ಬಿಟ್ಟು ಅತ್ತಿತು.

ಅವಳು ಹೊರಬಂದಾಗ ಮುದ್ದಣ್ಣ ಅಗಸರವನಿಗೆ ಕೊಡಲೆಂದು ರಂಗಕ್ಕನ ಬಟ್ಟೆಗಳನ್ನು ಗಂಟು ಕಟ್ಟುತ್ತಿದ್ದ. ಕದರಮ್ಮ ಬಗ್ಗಿ ಗಂಟು ಬಿಚ್ಚಿ, ನಡುವೆ ಕೈ ಹಾಕಿ, ಸವತಿ ನಿನ್ನೆಯವರೆಗೆ ಉಟ್ಟಿದ್ದ ಕಂದು ಸೀರೆಯನ್ನು ಎಳೆದುಕೊಂಡಳು.

"ದೊಡ್ಡವ್ವಾ! ಸತ್ತೋರ ಸೀರೆ ಕಣಮ್ಮ ಅದು!"

"ನನ್ನ ತಂಗಿ ಸೀರೆ ಕಣಪ್ಪ" ಎಂದು ಕದರಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆ ಸೀರೆಯುಟ್ಟು ಕೊಟ್ಟಿಗೆಯ ಹುಲ್ಲಿನ ಮೇಲೆ ಕುಳಿತಾಗ ಹೊರಗೆ ದೀಪ ಹಚ್ಚುವ ಹೊತ್ತು. ಬೆಳವಿ ಥಟ್ಟನೆ ಕತ್ತೆತ್ತಿತು. ಬಾಗಿಲ ಕಡೆ ನೋಡಿತು, ಕದರಮ್ಮನನ್ನು ನೋಡಿತು. ಮೆಲ್ಲನೆ ಬಂದು ಸೆರಗಿಗೆ ಮೂಗು ಚುಚ್ಚಿ, ನಿರಿಗೆ ನಿರಿಗೆಯನ್ನೂ ಮೂಸಿ, ಅಲ್ಲೇ ನಿಂತು ಸಣ್ಣಗೆ ನರಳಿತು. ಕದರಮ್ಮ ಬೊಗಸೆಯಲ್ಲಿ ಗಂಜಿ ಎತ್ತಿ ಹಿಡಿದಳು. ನಾಯಿ ಬಹಳ ಹೊತ್ತು ಅವಳ ಮುಖ ನೋಡಿ ನಾಲಗೆ ಚಾಚಿತು.

ಬಾಗಿಲಲ್ಲಿ ನಿಂತಿದ್ದ ಪಾಲಪ್ಪ ಸದ್ದಾಗದಂತೆ ಹಿಂದೆ ಸರಿದ. ಒಂದು ಮರಿ ತಾಯಿಯ ಹೊಟ್ಟೆಯಿಂದ ಉರುಳಿ, ತೆವಳುತ್ತ ತೆವಳುತ್ತ ಬಂದು ಸೀರೆಯ ಮಡಿಕೆಗೆ ನುಗ್ಗಿ ನಿದ್ದೆಹೋಯಿತು. ಕದರಮ್ಮನ ಕಾಲು ಜೋಮು ಹಿಡಿಯಿತು. ಅವಳು ಅಲುಗಾಡದೆ ಕುಳಿತೇ ಇದ್ದಳು.