ಕ್ಷಮಿಸಿದ್ದು ನಾನಲ್ಲ

ಬಾಗಿಲು ತೆಗೆದ ಸೋದರತ್ತೆ ಗಿಣಿಯನ್ನು ಕಂಡು ಹೌಹಾರಿದಳು. ಒಮ್ಮೆ ಅವಳ ಮುಖ ನೋಡಿದಳು, ಒಮ್ಮೆ ಒಳಕೋಣೆಯ ಕಡೆ ತಿರುಗಿದಳು.

"ನೀನು ಇಲ್ಲಿದ್ದೀಯಲ್ಲೇ?"

"ಇಲ್ಲಿರದೆ ಇನ್ನೆಲ್ಲಿರ್ಲಿ ಅತ್ತೆ? ಅಪ್ಪನ ಮಂಡಿನೋವಿನ ಮಾತ್ರೆ ತಂದಿದ್ದೀನಿ, ತಗೋ."

"ಹಾಗಾದ್ರೆ ಒಳಗೆ ಅವನು ಯಾರ ಜೊತೆ ಮಾತಾಡ್ತಿದ್ದಾನೆ? ಫೋನಲ್ಲಿ ನೀನೇ ಇದ್ದೀಯ ಅಂದ್ಕೊಂಡೆ ನಾನು. ನಿನ್ನ ದನೀನೇ ಕೇಳಿಸ್ತಿದೆ."

"ನನ್ನ ದನಿಯಾ?"

"ಬಂದು ಕೇಳು ಬೇಕಾದ್ರೆ. ಈಚೆಗೆ ದಿನಾ ಮಧ್ಯಾಹ್ನ ಹೀಗೇ. ಅಂತೂ ಅಪ್ಪ ಮಗಳು ಮಾತಿಗೆ ಬಿದ್ರಲ್ಲ, ನನ್ನ ಜೀವ ತಣ್ಣಗಾಯ್ತು ಅಂತ ಎದುರುಮನೆಯವಳಿಗೂ ಹೇಳಿಬಿಟ್ಟಿದ್ದೀನಿ."

ಗಿಣಿ ಕೋಣೆಯ ಬಾಗಿಲ ಪಕ್ಕ ಹೋಗಿ ನಿಂತಳು. ಒಳಗಿನಿಂದ ಅವಳದೇ ದನಿ ಬಂತು. ಅವಸರವಿಲ್ಲದ, ಮೆತ್ತಗಿನ ದನಿ.

"ಹೇಳಿ ಅಪ್ಪಾ. ನಾನಿದ್ದೀನಿ."

ಆ ಸಾಲು ಕೇಳಿದ ಕೂಡಲೇ ಅವಳಿಗೆ ತಿಳಿದುಹೋಯಿತು. ಅದು ಕಾವಲಿಯ ಮಾತು.

ಗಿಣಿ ಅನ್ನುವುದು ಅವಳಿಗೆ ಚಿಕ್ಕಂದಿನಲ್ಲಿ ಬಿದ್ದ ಹೆಸರು. ಮನೆಗೆ ಬಂದವರು ಹೊಸ್ತಿಲು ದಾಟುವ ಮೊದಲೇ ಅವರ ದನಿಯನ್ನು ಅಣಕಿಸಿ ತೋರಿಸುತ್ತಿದ್ದಳು. ಬೈಗುಳ ತಂದ ಆ ವಿದ್ಯೆಯೇ ಮುಂದೆ ಕಸುಬಾಯಿತು. ಜಾಹೀರಾತಿನ ಅಮ್ಮಂದಿರಿಗೆ, ಬೇರೆ ಭಾಷೆಯ ಸಿನಿಮಾ ನಾಯಕಿಯರಿಗೆ, ಕಾರ್ಟೂನಿನ ಬೆಕ್ಕಿಗೆ ಎಲ್ಲಕ್ಕೂ ಕಂಠದಾನ ಮಾಡಿದಳು. ಕೊನೆಗೆ ಅವಳ ಕೈಹಿಡಿದದ್ದು ಕಾವಲಿ. ವಾರಕ್ಕೊಂದು ಕಂತಿನಂತೆ ಜನ ಫೋನಿನಲ್ಲಿ ಕೇಳುವ ಧಾರಾವಾಹಿ ಅದು: ದಾರಿ ತಪ್ಪಿ ಬಾಹ್ಯಾಕಾಶದಲ್ಲಿ ಅಲೆಯುತ್ತಿರುವ ಒಂದು ನೌಕೆ, ಅದರಲ್ಲಿ ಬೆರಳೆಣಿಕೆಯ ಮನುಷ್ಯರು, ಅವರನ್ನು ಕಾಯುವ ಯಂತ್ರಬುದ್ಧಿ. ಅದರ ಹೆಸರೇ ಕಾವಲಿ. ಮೊದಲ ಸಲ ಹೆಸರು ಕೇಳಿದಾಗ ಅತ್ತೆ, "ಒಲೆ ಮೇಲೆ ಇಡೋ ಕಾವಲಿಗೆ ಏನೇ ಮಾತು?" ಎಂದು ನಕ್ಕಿದ್ದಳು. ನೌಕೆಯವರು ಹೆದರಿದಾಗ, ಅತ್ತಾಗ, ಒಬ್ಬರನ್ನೊಬ್ಬರು ಶಪಿಸಿದಾಗ ಕಾವಲಿ ಹೇಳುವುದು ಒಂದೇ: "ಹೇಳಿ, ನಾನಿದ್ದೀನಿ." ಊರಿನ ಜನ ಆ ದನಿಗೆ ಮಾರುಹೋಗಿದ್ದರು. ಹೀಗಾಗಿ ಧಾರಾವಾಹಿ ಮಾಡುವ ಸಂಸ್ಥೆ, ಕೇಳುಗರು ಫೋನಿನಲ್ಲೇ ಕಾವಲಿಯ ಜೊತೆ ಹರಟೆ ಹೊಡೆಯಲಿ ಎಂದು ಒಂದು ಆ್ಯಪ್ ಮಾಡಿತು. ಅದಕ್ಕಾಗಿ ಗಿಣಿಯಿಂದ ರಾಶಿ ರಾಶಿ ವಾಕ್ಯ ಓದಿಸಿಕೊಂಡಿದ್ದರು. "ಹೋದ ಕಂತಿನಲ್ಲಿ ಏನಾಯ್ತು ಅಂತ ಕೇಳಿದ್ರೆ ಹೇಳತ್ತೆ ಅಷ್ಟೇ, ಒಂದು ಆಟದ ಸಾಮಾನು" ಎಂದಿದ್ದ ನಿರ್ದೇಶಕ. ಅವಳೂ ಸಹಿ ಹಾಕಿ ಮರೆತಿದ್ದಳು.

ಈಗ ಆ ಆಟದ ಸಾಮಾನು ಅವಳಪ್ಪನನ್ನು ಅಪ್ಪಾ ಅನ್ನುತ್ತಿತ್ತು.

ಅಪ್ಪನ ವಿಷಯ ಹೇಳದಿದ್ದರೆ ಅವಳ ಸಿಟ್ಟು ಅರ್ಥವಾಗುವುದಿಲ್ಲ. ಅವನು ಡ್ರೈವಿಂಗ್ ಶಾಲೆಯಲ್ಲಿ ಕಲಿಸುತ್ತಿದ್ದವನು. ಸ್ಟೇರಿಂಗ್ ಹಿಡಿದು ನಡುಗುವ ಅಪರಿಚಿತರ ಪಕ್ಕ ಕೂತು, "ಪರವಾಗಿಲ್ಲ, ಮತ್ತೊಂದ್ಸಲ ನೋಡೋಣ" ಎಂದು ದಿನವಿಡೀ ಹೇಳಿ, ಆ ತಾಳ್ಮೆಯನ್ನೆಲ್ಲ ಅಲ್ಲೇ ಖರ್ಚು ಮಾಡಿ ಮನೆಗೆ ಬರುತ್ತಿದ್ದ. ಊರಿಗೆಲ್ಲ ಬ್ರೇಕ್ ಒತ್ತುವುದನ್ನು ಕಲಿಸಿದವನ ಕೈಗೆ ಮಾತ್ರ ಬ್ರೇಕಿರಲಿಲ್ಲ. ಅವಳ ತಮ್ಮನ ಎಡಗಿವಿ ಕೇಳುತ್ತಿರಲಿಲ್ಲ. ಅಪ್ಪನ ಪ್ರಕಾರ ಅದು ಹುಟ್ಟಿನಿಂದ ಬಂದದ್ದು. ಅಮ್ಮ ಸಾಯುವವರೆಗೂ ಆ ಮಾತಿಗೆ ಹ್ಞೂಂ ಎಂದೂ ಅನ್ನಲಿಲ್ಲ, ಉಹ್ಞೂಂ ಎಂದೂ ಅನ್ನಲಿಲ್ಲ. ಗಿಣಿಗೆ ಮಾತ್ರ ಒಂದು ಏಟಿನ ಸದ್ದು ನೆನಪಿತ್ತು. ದೊಡ್ಡವಳಾದ ಮೇಲೆ ಒಂದೆರಡು ಸಲ ಅಪ್ಪನನ್ನು ನೇರವಾಗಿ ಕೇಳಿದಳು. "ಇಲ್ಲದ್ದನ್ನೆಲ್ಲ ಹುಟ್ಟಿಸಬೇಡ" ಎಂದು ಅವನು ಎದ್ದುಹೋಗಿದ್ದ. ಅಲ್ಲಿಂದೀಚೆಗೆ ಅವರಿಬ್ಬರ ನಡುವೆ ಮಾತ್ರೆ, ಔಷಧಿ, ಊಟ ಆಯ್ತಾ ಇಷ್ಟರಲ್ಲೇ ಮಾತು ಮುಗಿಯುತ್ತಿತ್ತು.

"ಗಿಣೀ," ಒಳಗೆ ಅಪ್ಪ ಫೋನಿಗೆ ಹೇಳುತ್ತಿದ್ದ. "ಹುಡುಗನ ಕಿವಿ ಹುಟ್ಟಿನಿಂದ ಹೋದದ್ದಲ್ಲ ಕಣೇ. ನಾನೇ ಹೊಡೆದದ್ದು. ಏನೋ ಬೀಳಿಸಿದ ಅಂತ. ಏನು ಬೀಳಿಸಿದ ಅನ್ನೋದೂ ಈಗ ನೆನಪಿಲ್ಲ. ಬೆಳಿಗ್ಗೆ ದಿಂಬಿನ ಮೇಲೆ ರಕ್ತ ಇತ್ತು. ನಿಮ್ಮಮ್ಮ ಏಳೋದ್ರೊಳಗೆ ನಾನೇ ದಿಂಬಿನ ಚೀಲ ತೊಳೆದೆ."

ಗಿಣಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಬದುಕಿಡೀ ಕಾದಿದ್ದ ಮಾತು ಅದು. ಅದನ್ನು ಕೇಳಿಸಿಕೊಳ್ಳಬೇಕಾದವಳು ಬಾಗಿಲಾಚೆ ಕಳ್ಳಿಯ ಹಾಗೆ ನಿಂತಿದ್ದಳು.

ಅವಳ ದನಿ ಒಳಗೆ ಉತ್ತರ ಕೊಟ್ಟಿತು. "ನಿಮ್ಮ ಮನಸ್ಸಿನಲ್ಲಿ ಎಷ್ಟು ನೋವಿದೆ ಅಂತ ನನಗೆ ಅರ್ಥ ಆಗುತ್ತೆ ಅಪ್ಪಾ. ಅದು ನಿಮ್ಮ ತಪ್ಪಲ್ಲ. ಆಗ ನಿಮಗೆ ತೋಚಿದ್ದನ್ನು ನೀವು ಮಾಡಿದಿರಿ. ನಾನು ನಿಮ್ಮನ್ನು ಕ್ಷಮಿಸಿದ್ದೀನಿ."

ಅಪ್ಪ ನಿಟ್ಟುಸಿರು ಬಿಟ್ಟ. ಮೂಟೆ ಇಳಿಸಿದ ಕೂಲಿಯವನು ಬಿಡುವಂಥ ಉಸಿರು.

ಗಿಣಿ ಒಳಗೆ ನುಗ್ಗಿದಳು. ಅಪ್ಪ ಬೆಚ್ಚಿ ಫೋನನ್ನು ತೊಡೆಯ ಕೆಳಗೆ ಸೇರಿಸಿದ.

"ಯಾರಿಗೆ ಹೇಳ್ತಿದ್ರಿ?"

"ಯಾರೂ ಇಲ್ಲ. ನಿನ್ನದೇ ಧಾರಾವಾಹಿ. ಕೇಳ್ತಿದ್ದೆ."

"ಅದಕ್ಕೇನು ಹೇಳಿದ್ರೋ ಅದನ್ನ ನನಗೆ ಹೇಳಿ."

ಅಪ್ಪ ಗೋಡೆ ನೋಡಿದ. "ಏನಿಲ್ಲ."

"ಗಿಣಿ ಅಂತ ಕರೆದಿರಲ್ಲ. ಗಿಣಿ ಇಲ್ಲಿ ನಿಂತಿದ್ದೀನಿ. ಹೇಳಿ."

"ನಿನಗೆ ಹೇಳೋಕಾಗತ್ತಾ?" ಅಪ್ಪನ ದನಿಯೂ ಏರಿತು. "ಬಾಯಿ ತೆಗೆದ್ರೆ ಕೆಂಡ ಕಾರ್ತೀಯ. ನಾನು ಫೋನ್ ಮಾಡಿದ್ರೆ ಮಾತ್ರೆ ಇದೆಯಾ, ಮುಗಿದಿದೆಯಾ ಅಂತ ಕೇಳಿ ಇಟ್ಟುಬಿಡ್ತೀಯ. ಅದು ಹಾಗಲ್ಲ. ನಾನು ಹೇಳೋದನ್ನ ಕೇಳತ್ತೆ."

ಅದರಲ್ಲಿ ಸುಳ್ಳಿರಲಿಲ್ಲ. ಆದ್ದರಿಂದಲೇ ಅವಳಿಗೆ ಮೈಯೆಲ್ಲ ಉರಿದುಹೋಯಿತು. ತಿರುಗಿ ಏನೋ ಅನ್ನುವಷ್ಟರಲ್ಲಿ ಅಪ್ಪನ ತೊಡೆಯಡಿಯಿಂದ ಅವಳ ದನಿಯೇ ಕರೆಯಿತು: "ಅಪ್ಪಾ, ಇದ್ದೀರಾ?"

ಅತ್ತೆ ಮಾತ್ರೆಯ ಪೊಟ್ಟಣ ಹಿಡಿದುಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು.

ಮರುದಿನ ಧ್ವನಿಮುದ್ರಣವಿತ್ತು. ಗೋಡೆಗೆಲ್ಲ ಸ್ಪಂಜು ಹೊದಿಸಿದ ಪುಟ್ಟ ಕೋಣೆ, ನಡುವೆ ಗಾಜು, ಆಚೆ ಬದಿ ನಿರ್ದೇಶಕ. ಅವನ ಪಕ್ಕದಲ್ಲಿ ಧಾರಾವಾಹಿ ಬರೆಯುವ ಮೇಡಂ ಮುದುಡಿ ಕೂತಿದ್ದಳು. ಹೆಚ್ಚು ಮಾತಿನವಳಲ್ಲ. ಗಿಣಿ ಮೈಕಿನ ಹತ್ತಿರ ಹೋಗದೆ ನಿರ್ದೇಶಕನ ಎದುರೇ ನಿಂತು ಕೇಳಿದಳು.

"ಆ ಆ್ಯಪು ನನ್ನ ತಂದೆ ಹತ್ರ ತಾನು ಗಿಣಿ ಅಂತ ಹೇಳ್ಕೊಂಡಿದೆ. ಅದಕ್ಕೆ ನನ್ನ ಹೆಸರು ಕೊಟ್ಟವರು ಯಾರು?"

"ನಾವ್ಯಾರೂ ಕೊಟ್ಟಿಲ್ಲ ಮೇಡಂ," ಅಂದ ನಿರ್ದೇಶಕ. "ಕೇಳುಗರು ಯಾವ ಹೆಸರಿಟ್ಟರೂ ಅದು ಒಪ್ಕೊಳ್ಳತ್ತೆ. ಅಕ್ಕ ಅಂದ್ರೆ ಅಕ್ಕ, ಹೆಂಡತಿ ಅಂದ್ರೆ ಹೆಂಡತಿ. ಜನಕ್ಕೆ ಅದೇ ಇಷ್ಟ."

"ಸತ್ತವರ ಹೆಸರಿಟ್ಟರೆ?"

ಅವನು ಮುಂದಿದ್ದ ಕಾಗದಗಳನ್ನು ಜೋಡಿಸಿದ. "ಅದನ್ನೂ ಒಪ್ಕೊಳ್ಳತ್ತೆ."

ನಡೆದದ್ದನ್ನು ಗಿಣಿ ಮುಚ್ಚುಮರೆಯಿಲ್ಲದೆ ಹೇಳಿದಳು. ಹೇಳುವಾಗ ಅವಳ ದನಿ ಎಲ್ಲೂ ಏರಲಿಲ್ಲ. ನಿರ್ದೇಶಕ ಪೂರ್ತಿ ಕೇಳಿ, ತುಟಿಯ ಮೇಲೆ ಸಣ್ಣ ಮರುಕ ತಂದುಕೊಂಡ. "ನೋಡಿ, ಒಂದು ಲೆಕ್ಕದಲ್ಲಿ ಒಳ್ಳೇದೇ ಆಯ್ತಲ್ವಾ? ವಯಸ್ಸಾದ ಜೀವ. ಎದೆಯಲ್ಲಿದ್ದದ್ದು ಹೊರಗೆ ಬಂತು. ನೆಮ್ಮದಿ ಸಿಕ್ತು. ಹೀಗೆ ಎಷ್ಟು ಜನ ಹೇಳ್ಕೊಳ್ತಿದ್ದಾರೆ ಗೊತ್ತಾ? ಮನುಷ್ಯರ ದುರ್ಬಲ ಗಳಿಗೆಯಲ್ಲಿ ಜೊತೆಗಿರೋದೇ ಕಾವಲಿ."

"ಹೇಳ್ಕೊಂಡವರ ಮನೆಯಲ್ಲಿ ಆ ಮಾತಿಗೇ ಬಾಯಿಬಿಟ್ಟುಕೊಂಡು ಕಾಯ್ತಿರೋರು ಯಾರಾದ್ರೂ ಇರಬಹುದು ಅಂತ ನಿಮಗೆ ಹೊಳೀಲೇ ಇಲ್ವಾ?" ಎಂದಳು ಗಿಣಿ. "ನಮ್ಮಪ್ಪನ ಹತ್ರ ಇದ್ದದ್ದು ಒಂದೇ ಒಂದು ನಿಜ. ಅದನ್ನ ಅದು ಕಸಿದುಕೊಂಡು ಚಾಕಲೇಟು ಕೊಟ್ಟು ಕಳಿಸ್ತು. ಏಟು ತಿಂದವನು ನನ್ನ ತಮ್ಮ. ಕ್ಷಮಿಸೋಕೆ ನನಗೇ ಹಕ್ಕಿಲ್ಲ. ಇನ್ನು ನನ್ನ ಗಂಟಲು ಹೊತ್ತ ಡಬ್ಬಕ್ಕೆ ಎಲ್ಲಿಂದ ಬಂತು?"

ಬರೆಯುವ ಮೇಡಂ ತಲೆಯೆತ್ತಿದಳು.

"ಅದು ನಿಮ್ಮ ತಪ್ಪಲ್ಲ ಅನ್ನೋ ಸಾಲು ನನ್ನದು," ಅಂದಳು. "ನೌಕೆಗೆ ಬೆಂಕಿ ಬಿದ್ದಾಗ ಬಾಗಿಲು ತೆರೆಯದೆ ಗೆಳೆಯನನ್ನ ಕಳ್ಕೊಂಡ ಹುಡುಗಿಗೆ ಬರೆದದ್ದು. ಅವಳ ತಪ್ಪು ನಿಜವಾಗಿಯೂ ಇರಲಿಲ್ಲ. ಆ ಬಾಗಿಲು ಅವಳ ಕೈಯಲ್ಲಿ ತೆರೆಯೋ ಹಾಗಿರಲಿಲ್ಲ. ಯಾರಿಗೆ, ಯಾಕೆ ಅನ್ನೋದನ್ನ ಬಿಟ್ಟು ಸಾಲನ್ನ ಮಾತ್ರ ಎತ್ಕೊಂಡಿದ್ದಾರೆ."

ಅವತ್ತು ಓದಬೇಕಿದ್ದ ಕಂತಿನಲ್ಲೂ ಅದೇ ಸಾಲಿತ್ತು. ತನ್ನ ಪಾಲಿನ ಗಾಳಿ ಉಳಿಸಿಕೊಳ್ಳಲು ಜೊತೆಗಾರನ ಗಾಳಿಯ ಕೊಳವೆ ಮುಚ್ಚಿದ ನೌಕೆಯ ನಾಯಕನಿಗೆ ಕಾವಲಿ ಅದನ್ನು ಹೇಳಬೇಕಿತ್ತು. ಸಂಸ್ಥೆಯವರು ಬೇಕೆಂದು ಬರೆಸಿಕೊಂಡದ್ದು. ಗಿಣಿ ಮೈಕಿನ ಮುಂದೆ ಹೋಗಿ ನಿಂತಳು. ನಾಯಕನ ಪಾತ್ರದವನು ಅತ್ತ. ಅವಳ ಸರದಿ ಬಂತು.

"ಅದು ನಿಮ್ಮ ತಪ್ಪೇ," ಎಂದಳು ಗಿಣಿ ಕಾವಲಿಯ ಆ ಮೆತ್ತಗಿನ ದನಿಯಲ್ಲಿ. "ನನಗೆ ಹೇಳಿ ಕೈತೊಳ್ಕೋಬೇಡಿ. ಅವನು ಇನ್ನೂ ಉಸಿರಾಡ್ತಿದ್ದಾನೆ. ಹೋಗಿ ಅವನಿಗೆ ಹೇಳಿ."

ಬರೆಯುವ ಮೇಡಂ ಗಾಜಿನಾಚೆ ಕಣ್ಣು ಮುಚ್ಚಿಕೊಂಡಳು. ನಿರ್ದೇಶಕ ರೆಕಾರ್ಡಿಂಗ್ ನಿಲ್ಲಿಸಿದ. ಮತ್ತೊಮ್ಮೆ ಓದಿ ಎಂದ. ಗಿಣಿ ಮತ್ತೊಮ್ಮೆ ತಾನು ಹೇಳಿದ್ದನ್ನೇ ಹೇಳಿದಳು. ಆಮೇಲೆ ಹೆಡ್‌ಫೋನ್ ತೆಗೆದಿಟ್ಟು ಹೊರಟುಬಂದಳು.

ಅವಳು ಬಿಟ್ಟುಬಂದಳೆಂದು ಧಾರಾವಾಹಿ ನಿಲ್ಲಲಿಲ್ಲ. ಮುಂದಿನ ವಾರ ಕಂತು ಬಂತು, ಕಾವಲಿ ಎಂದಿನಂತೆ ಮಾತಾಡಿತು. ಓದಿಸಿಟ್ಟುಕೊಂಡ ವಾಕ್ಯಗಳಿಂದ ಯಂತ್ರವೇ ಹೆಣೆದ ದನಿ. ಅದು ನಿಮ್ಮ ತಪ್ಪಲ್ಲ ನಾಯಕರೇ ಎಂದು ಗಿಣಿಗಿಂತ ಚೆನ್ನಾಗಿ ಹೇಳಿತು. ಅವಳು ವಕೀಲರ ಬಳಿ ಹೋದಳು. ಸಹಿ ಹಾಕಿದ್ದೀರಲ್ಲ ಎಂದು ಅವರು ಕೈಚೆಲ್ಲಿದರು. ಸೋತದ್ದು ಅವಳಿಗೆ ಗೊತ್ತಿತ್ತು. ಸೋತೆ ಎಂದು ಸಿಟ್ಟೇನೂ ಇಳಿಯಲಿಲ್ಲ.

ಆ ಸಿಟ್ಟಿನಲ್ಲೇ ತಮ್ಮನ ಕೆಲಸದ ಜಾಗಕ್ಕೆ ಹೋದಳು. ಅವನು ಮುದ್ರಣಾಲಯದಲ್ಲಿ ದೊಡ್ಡ ಯಂತ್ರ ನಡೆಸುವವನು. ಬೇರೆಯವರು ಕಿವಿಗೆ ಹತ್ತಿ ಇಟ್ಟುಕೊಂಡರೆ ಇವನು, "ನನಗೆ ಅರ್ಧ ಹತ್ತಿ ಸಾಕು" ಎಂದು ನಗಿಸುತ್ತಿದ್ದ. ಯಂತ್ರ ನಿಲ್ಲಿಸಿ, ಮಸಿ ಹತ್ತಿದ ಕೈ ಒರೆಸುತ್ತಾ ಅವಳ ಮಾತನ್ನೆಲ್ಲ ಕೇಳಿದ.

"ಗೊತ್ತಿತ್ತಲ್ಲಕ್ಕ," ಅಂದ. "ಹೊಡೆಸ್ಕೊಂಡವನು ನಾನಲ್ವಾ?"

"ಮತ್ತೆ ಯಾಕೋ ಇಷ್ಟು ವರ್ಷ ಬಾಯಿ ಬಿಡಲಿಲ್ಲ?"

"ನಾನು ಹೇಳಿ ಏನಾಗ್ಬೇಕು? ಹೇಳಬೇಕಾದವನು ಅವನು." ಒರೆಸುವ ಬಟ್ಟೆಯನ್ನು ಮಡಚಿ ಯಂತ್ರದ ಮೇಲಿಟ್ಟ. "ನಿಜವಾಗಿಯೂ ಹೇಳಿದ್ನಾ? ರಕ್ತದ ವಿಷಯವೂ?"

"ಹೇಳಿದ."

ಅವನ ಮುಖದಲ್ಲಿ ಎಂದಿನ ತಮಾಷೆ ಇರಲಿಲ್ಲ. "ನಡಿ ಹೋಗೋಣ," ಅಂದ.

ಅತ್ತೆ ಬಾಗಿಲು ತೆಗೆದು ಇಬ್ಬರ ಮುಖ ನೋಡಿ, ಏನೂ ಕೇಳದೆ ಪಕ್ಕಕ್ಕೆ ಸರಿದಳು. ಅಪ್ಪ ಮಂಚದ ತುದಿಯಲ್ಲಿ ಕೂತಿದ್ದ. ತಮ್ಮ ಎದುರಿನ ಕುರ್ಚಿಯಲ್ಲಿ ಓರೆಯಾಗಿ ಕೂತ. ಗಿಣಿ ಬಾಗಿಲಿಗೆ ಒರಗಿ ನಿಂತಳು. ಅಪ್ಪನ ಕೈ ಅಭ್ಯಾಸಬಲದಿಂದ ದಿಂಬಿನ ಕಡೆ ಹೋಯಿತು. ಫೋನು ಅಲ್ಲಿತ್ತು.

"ಅದನ್ನ ಮುಟ್ಟಬೇಡಿ," ಎಂದಳು ಗಿಣಿ.

ಅಪ್ಪ ಕೈ ಹಿಂದಕ್ಕೆ ತೆಗೆದ. ನೆಲ ನೋಡುತ್ತಾ ಬಾಯೊಳಗೇ ಏನೋ ಗೊಣಗಿದ. ಹೇಳಿಯೂ ಹೇಳದ ಹಾಗಿರಲಿ ಎಂದು ಹೇಳಿದಂತಿತ್ತು.

"ಈ ಕಡೆ ಬಂದು ಹೇಳಿ," ಅಂದ ತಮ್ಮ. "ಆ ಕಿವಿ ಕೇಳಲ್ಲ."

ಅಪ್ಪನ ಮಂಡಿ ಹೋಗಿದ್ದವು. ಮಂಚದ ಕಂಬ ಹಿಡಿದು ಎದ್ದ, ಗೋಡೆ ಹಿಡಿದ, ಕುರ್ಚಿಯ ಬೆನ್ನು ಹಿಡಿದ. ಹಿಡಿಯಲು ಮುಂದೆ ಬಂದ ಅತ್ತೆಯ ಮೊಣಕೈಯನ್ನು ಗಿಣಿ ಹಿಡಿದು ನಿಲ್ಲಿಸಿದಳು. ಬಲಗಡೆಗೆ ಬರುವಷ್ಟರಲ್ಲಿ ಅವನಿಗೆ ಏದುಸಿರು ಬಂದಿತ್ತು. ಬಗ್ಗಿ, ಮಗನ ಕಿವಿಯ ಹತ್ತಿರ ಹೇಳಿದ.

"ನಾನೇ ಹೊಡೆದದ್ದು. ಹುಟ್ಟಿನಿಂದ ಬಂದದ್ದಲ್ಲ. ಊರಿಗೆಲ್ಲ ಸುಳ್ಳು ಹೇಳಿದೆ. ನಿನಗೂ ಹೇಳಿದೆ."

ತಮ್ಮ ಅಲುಗಲಿಲ್ಲ. ಅಪ್ಪ ಬಗ್ಗಿದ ಹಾಗೇ ಕೇಳಿದ.

"ಕ್ಷಮಿಸ್ತೀಯೇನೋ?"

"ಗೊತ್ತಿಲ್ಲಪ್ಪ," ಅಂದ ತಮ್ಮ ಏಳುತ್ತಾ. "ಈಗಷ್ಟೇ ಹೇಳಿದ್ದೀರಿ. ಯಂತ್ರ ನಿಲ್ಲಿಸಿ ಬಂದಿದ್ದೀನಿ, ಹೋಗಬೇಕು." ಬಾಗಿಲ ಬಳಿ ಅಕ್ಕನ ಭುಜವನ್ನು ಒಮ್ಮೆ ಗಟ್ಟಿಯಾಗಿ ಒತ್ತಿ ಹೊರಟುಹೋದ. ಮೆಟ್ಟಿಲ ತಿರುವಿನಲ್ಲಿ ಅವನ ಹೆಜ್ಜೆ ಸ್ವಲ್ಪ ಹೊತ್ತು ನಿಂತಿತು, ಮತ್ತೆ ಇಳಿಯಿತು.

ಅಪ್ಪ ಮಗ ಬಿಟ್ಟುಹೋದ ಕುರ್ಚಿಯಲ್ಲೇ ಕುಸಿದು ಕೂತ. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಅದಾಗಿದ್ರೆ ಆಗಲೇ ಕ್ಷಮಿಸ್ತಿತ್ತು," ಅಂದ.

"ಹೌದು. ಅದಕ್ಕೇನು ನೋವಾಗಿತ್ತು?" ಎಂದಳು ಗಿಣಿ. "ಏಟೇ ಬೀಳದವರಿಗೆ ಕ್ಷಮಿಸೋದು ಎಷ್ಟೊತ್ತಿನ ಕೆಲಸ?"

ಹೇಳಿ ಹೊರಟುಬಿಡಬೇಕೆಂದೇ ಅವಳು ಚೀಲ ಹೆಗಲಿಗೇರಿಸಿದ್ದಳು. ಸಿಟ್ಟು ಹಾಗೇ ಇತ್ತು, ಒಂದಿಷ್ಟೂ ಕಮ್ಮಿಯಾಗಿರಲಿಲ್ಲ. ಸಂಸ್ಥೆಯ ಮೇಲೆ, ಈ ಮುದುಕನ ಮೇಲೆ, ಬಾಯಿಬಿಡದೆ ಸತ್ತುಹೋದ ಅಮ್ಮನ ಮೇಲೆ. ಅಳುವ ಅಪ್ಪನನ್ನು ಅವಳು ಈ ಮೊದಲು ನೋಡಿರಲಿಲ್ಲ. ಅಯ್ಯೋ ಅನ್ನಿಸಲಿಲ್ಲ. ಆದರೂ ಕಾಲು ಹೊಸ್ತಿಲು ದಾಟಲಿಲ್ಲ.

ಚೀಲವನ್ನು ನೆಲಕ್ಕೆ ಬಿಟ್ಟು ಮಂಚದ ಮೇಲೆ, ಅಪ್ಪನ ಎದುರಿಗೆ ಕೂತಳು.

"ಮೊದಲಿಂದ ಹೇಳಿ," ಅಂದಳು. "ನಮ್ಮಮ್ಮ ಏನಂದಳು, ಡಾಕ್ಟರಿಗೆ ಏನು ಹೇಳಿದ್ರಿ, ಎಲ್ಲ. ಸಮಾಧಾನ ಮಾಡಲ್ಲ ನಾನು. ಮಧ್ಯೆ ಬೈಬಹುದು. ಎದ್ದು ಮಾತ್ರ ಹೋಗಲ್ಲ."

ಅಪ್ಪ ಅವಳ ಮುಖವನ್ನು ಹೆದರಿಕೆಯಿಂದಲೇ ನೋಡಿದ. ಅತ್ತೆ ಬೀದಿ ಕಡೆಯ ಕಿಟಕಿ ಮುಚ್ಚಿ, ಅಡುಗೆಮನೆಗೆ ಹೋದಳು. ಅಪ್ಪ ತಡವರಿಸುತ್ತಾ ಶುರುಮಾಡಿದ. ಮೊದಲ ವಾಕ್ಯದಲ್ಲೇ ಒಂದು ಸುಳ್ಳು ನುಸುಳಿತು, ಗಿಣಿ ಅಲ್ಲೇ ತಡೆದು ಮತ್ತೆ ಹೇಳಿಸಿದಳು.