ಕಡಲ ತಳದ ಕೊಳವೆಕಲ್ಲು

ಬೆಂಗಳೂರಿನ ಕುಮಾರಸ್ವಾಮಿ ಲೇಔಟ್‌ನ ಒಂದು ಪುಟ್ಟ ಕಾರ್ಖಾನೆಯಲ್ಲಿ ದಾನಮ್ಮ ಹನ್ನೊಂದು ವರ್ಷದಿಂದ ಕಲ್ಲು ಕೊಯ್ಯುತ್ತಿದ್ದಳು. ಕಾಲೇಜಿನವರು ತಂದ ಕಲ್ಲನ್ನು ಬಿಲ್ಲೆ ಮಾಡಿ, ಕನ್ನಡಿಯಂತೆ ಉಜ್ಜಿ ಕೊಟ್ಟರೆ ಅವರು ಅದನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡುವರು. ವಿಜಾಪುರದ ಕಡೆಯಿಂದ ಬಂದ ಇವಳ ಕೈ ಎಂದರೆ ಎಲ್ಲರಿಗೂ ನಂಬಿಕೆ.

ಒಂದು ಬೆಳಿಗ್ಗೆ, ಸಂಶೋಧನೆಗೆ ಹೊಸದಾಗಿ ಸೇರಿದ್ದ ಇಂಚರ ಒಂದು ಡಬ್ಬಿ ತಂದಳು. ಒಳಗೆ ಅಂಗೈಯಗಲದ ಕಪ್ಪು ಕಲ್ಲು. ಹಿಂದೂ ಮಹಾಸಾಗರದ ತಳದಿಂದ, ಮೂರು ಕಿಲೋಮೀಟರ್ ಆಳದಿಂದ ಎತ್ತಿದ್ದು. ಮುಚ್ಚಳ ತೆಗೆಯುತ್ತಲೇ ಅವಳ ಮುಖ ಬಾಡಿತು.

"ಒಳಗಡೆ ಯಾವುದು, ಹೊರಗಡೆ ಯಾವುದು ಅಂತ ಗುರುತು ಹಾಕಿದ್ರು ಅಕ್ಕಾ. ಅಳಿಸೇ ಹೋಗಿದೆ!"

"ಕಲ್ಲಿಗೆ ಒಳಗ-ಹೊರಗ ಅಂದ್ರ ಏನ್ರಿ ಮೇಡಂ?"

"ಇದು ಕೊಳವೆಯ ಚೂರು. ಸಮುದ್ರದ ನೀರು ತಳದ ಬಿರುಕಲ್ಲಿ ಇಳಿದು, ಕೆಳಗಿನ ಕಾವಿಗೆ ಮುನ್ನೂರೈವತ್ತು ಡಿಗ್ರಿ ಬಿಸಿ ಆಗತ್ತೆ. ಬಂಡೆಯಲ್ಲಿರೋ ತಾಮ್ರ, ಕಬ್ಬಿಣ, ಸತು ಎಲ್ಲಾ ಕರಗಿಸ್ಕೊಂಡು ಮೇಲೆ ಚಿಮ್ಮತ್ತೆ. ತಣ್ಣೀರು ತಾಕಿದ್ದೇ ತಡ, ಕರಗಿದ್ದೆಲ್ಲಾ ಕಪ್ಪು ಹೊಗೆ ಥರ ಹೊರಬೀಳತ್ತೆ. ಅದು ಬಿರುಕಿನ ಬಾಯಿ ಸುತ್ತ ಕೂತು ಕೂತು ಕೊಳವೆ ಬೆಳೆಯತ್ತೆ."

"ಅಷ್ಟು ಬಿಸಿ ಆದ್ರೂ ನೀರು ಆವಿ ಆಗಂಗಿಲ್ಲೇನ್ರಿ?"

"ಮೇಲಿರೋ ನೀರಿನ ಭಾರ ಬಿಡಲ್ಲ ಅಕ್ಕಾ."

ದಾನಮ್ಮನಿಗೆ ಖುಷಿಯಾಯಿತು. ಇಂಥ ಕಲ್ಲು ಅವಳ ಕೈಗೆ ಬಂದಿರಲೇ ಇಲ್ಲ. ಪೊಳ್ಳು ಕಲ್ಲು ಉದುರದಂತೆ ಅಂಟು ಕುಡಿಸಿ, ಮರುದಿನ ಗರಗಸಕ್ಕೆ ನೀರು ಬಿಟ್ಟು ಮೆಲ್ಲಗೆ ಕೊಯ್ದಳು. ಕೊಳೆತ ಮೊಟ್ಟೆಯ ವಾಸನೆ ಎದ್ದಿತು. ಉಜ್ಜಿ ನೋಡಿದರೆ, ಒಂದು ಅಂಚು ಹಿತ್ತಾಳೆಯಂತೆ ಥಳಥಳ, ಹರಳುಗಳು ದಪ್ಪ. ಇನ್ನೊಂದು ಅಂಚಿಗೆ ಹೋಗುತ್ತ ಹೋಗುತ್ತ ಸಣ್ಣಗಾಗಿ ಬೂದುಗಪ್ಪು.

ಮಧ್ಯಾಹ್ನ ಇಂಚರ ಬಂದಾಗ ದಾನಮ್ಮ ಹಳದಿ ಅಂಚನ್ನು ತೋರಿಸಿದಳು. "ಇದು ಒಳಗಿನ ಮಗ್ಗಲಾ ನೋಡ್ರಿ."

"ಹೇಗೆ ಹೇಳ್ತೀರಾ?"

"ನಿಧಾನಕ್ಕ ಆರಿದ ಕಲ್ಲಿನಾಗ ಹರಳು ದಪ್ಪ ಇರ್ತಾವ, ಗಕ್ಕನ ಆರಿದ್ರ ಸಣ್ಣ. ಬಿಸಿ ಒಳಗ ಇತ್ತಂದ್ರ ದಪ್ಪ ಹರಳೂ ಒಳಗ ಇರಬೇಕಲ್ರಿ?"

ಇಂಚರ ಅಲ್ಲೇ ಮೂಲೆಯಲ್ಲಿದ್ದ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟವಳು ಚೀರಿಯೇ ಬಿಟ್ಟಳು. "ಹೌದಕ್ಕಾ! ಈ ಹಳದಿ ತಾಮ್ರದ ಅದಿರು. ಅದು ಕೂರೋದೇ ಬಿಸಿ ಒಳಗೋಡೆಯಲ್ಲಿ, ಸತು ಹೊರಗೆ. ಓದಿದ್ದೆ, ಗಾಬರೀಲಿ ಹೊಳೀಲೇ ಇಲ್ಲ. ಸಖತ್! ಬನ್ನಿ, ನೀವೂ ನೋಡಿ."

ದಾನಮ್ಮ ಬಹಳ ಹೊತ್ತು ನೋಡಿದಳು.

ಸಂಜೆ ಸುದ್ದಗುಂಟೆಪಾಳ್ಯದ ಮನೆಯಲ್ಲಿ ಗಂಡ ಹನಮಂತನಿಗೆ ಫೋನಿನಲ್ಲಿ ತೆಗೆದಿದ್ದ ಆ ಕಲ್ಲಿನ ಚಿತ್ರ ತೋರಿಸಿದಳು.

"ಬಂಗಾರೇನ?" ಎಂದು ಅವನು ಕಣ್ಣರಳಿಸಿದ.

"ತಾಮ್ರ."

"ಅಷ್ಟೇನಾ?"

"ಅಷ್ಟೇ ಅಂತೀರಲ್ರಿ! ಕುದಿನೀರು ಕಟ್ಟಿದ ಗ್ವಾಡಿ ಅದು," ಎಂದು ನಗುತ್ತ, ದಾನಮ್ಮ ಅವನ ತಾಟಿಗೆ ಇನ್ನೊಂದು ಬಿಸಿ ರೊಟ್ಟಿ ಹಾಕಿದಳು.