ಅರ್ಧ ಲೋಟ

ಅಪ್ಪನಿಗೆ ವಾಸನೆ ತಿಳಿಯುವುದಿಲ್ಲ, ಈಗಲೂ ಲೋಟವನ್ನು ಮೂಗಿನ ಹತ್ತಿರ ಒಯ್ಯದೆ ಬೆಳಕಿಗೆ ಹಿಡಿದು ನೋಡುತ್ತಿದ್ದಾನೆ, ಚರಂಡಿ ಗುಂಡಿಗಳಿಗೆ ಇಳಿದಿಳಿದು ಮೂಗು ಎಂದೋ ಸತ್ತಿತು, ಎದುರಿಗೇ ಹಾಲು ಸೀದರೂ ಹಾಯಾಗಿ ಕೂತಿರುತ್ತಾನೆ — ಅರ್ಧ ನಾನು ಕುಡಿದಾಗಿದೆ, ಇನ್ನರ್ಧ ಅವನದು, ಈ ನೀರು ಶುದ್ಧೀಕರಣ ಘಟಕದ ರೂಢಿ ಅದು, ಪಾಳಿ ಮುಗಿಸುವವರು ಕೊನೆಯ ನಲ್ಲಿಯಿಂದ ಹಿಡಿದು ಅರ್ಧ ಕುಡಿದು ಉಳಿದದ್ದನ್ನು ಪಾಳಿಗೆ ಬಂದವರ ಕೈಗೆ ಕೊಡಬೇಕು, ಆಮೇಲೆ ನೀರು ಊರಿಗೆ, ಊರು ಬಿಟ್ಟ ಕೊಳಚೆಯೇ ಸೋಸಿ ಸೋಸಿ ಮತ್ತೆ ಊರಿಗೆ, ಇವತ್ತು ಕೆಲಸಗಾರರ ಮನೆಯವರು ಘಟಕ ನೋಡಲು ಬರುವ ದಿನ, ನಿಮ್ಮಪ್ಪನಿಗೇ ಕೊಡಮ್ಮ ಅಂದರು ಇಂಜಿನಿಯರ್ ಮೇಡಂ, ಅವರಿಗೇನು ಗೊತ್ತು, ಮನೆಯಲ್ಲಿ ಅಪ್ಪ ನಲ್ಲಿ ನೀರು ಮುಟ್ಟುವುದಿಲ್ಲ, ಕ್ಯಾನು ಹೊತ್ತು ತರುತ್ತಾನೆ, ಯಾಕೆ ಅಂದರೆ ಮಾತು ಮರೆಸುತ್ತಾನೆ, ಅವ್ವನೇ ನಗುತ್ತಾಳೆ, ಗಂಡ ಕೊಳಚೆ ಮೈಗೆ ಮೆತ್ಕೊಂಡು ಬರ್ತಿದ್ದ, ಮಗಳು ಲೋಟಕ್ಕೆ ತುಂಬ್ಕೊಂಡು ಬಂದ್ಳು, ಒಳ್ಳೆ ಮನೆ ನಮ್ದು — ಕುಡಿ ಅಪ್ಪ, ನನ್ನ ಕೈಯಿಂದ ಒಂದು ಸಲ ಕುಡಿ, ಬಾಯಿಬಿಟ್ಟು ಕೇಳಲಾರೆ, ಎಲ್ಲರೂ ನೋಡುತ್ತಿದ್ದಾರೆ, ಲೋಟ ವಾಲಿತು, ತುಟಿಯ ಕಡೆಗಲ್ಲ, ಮೊದಲು ಎಡಗೈ ಮೇಲೆ, ಆಮೇಲೆ ಬಲಗೈ ಮೇಲೆ, ಬೆರಳಸಂದಿ ಉಜ್ಜಿ ಉಜ್ಜಿ ತೊಳೆಯುತ್ತಿದ್ದಾನೆ, ಹಿಂದೆ ಯಾರೋ ಕಿಸಕ್ಕೆಂದರು, ಮೇಡಂ ಮುಖ ಬಿಗಿಯಿತು, ನನ್ನದೂ, ಊರೆದುರಿಗೆ ಮಗಳ ಮುಖಕ್ಕೆ ಹೊಡೆದ ಹಾಗೆ — ಅಲ್ಲ, ತಡಿ, ಈ ಕೈಗಳನ್ನು ಹೀಗೇ ನೋಡಿದ್ದೇನೆ, ಚಿಕ್ಕವಳಿದ್ದಾಗ ಒಮ್ಮೆ ಶಾಲೆ ಬಿಟ್ಟ ಮೇಲೆ ಊಟದ ಡಬ್ಬಿ ಒಯ್ದಿದ್ದೆ, ಗುಂಡಿಯಿಂದ ಮೇಲೆ ಬಂದು ಅಪ್ಪ ಒಂದು ಮನೆಯ ಗೇಟಿನಲ್ಲಿ ನೀರು ಕೇಳಿದ, ಆ ಯಜಮಾನಿ ತಾನು ಕುಡಿದುಳಿದದ್ದನ್ನೇ ಅವನ ಕೈ ಮೇಲೆ ಎತ್ತರದಿಂದ ಸುರಿದಳು, ಅಪ್ಪ ಬೆರಳಸಂದಿ ಉಜ್ಜಿ ತೊಳೆದ, ನಾನು ಡಬ್ಬಿ ಹಿಡಿದು ನಿಂತಿದ್ದೆ, ಕುಡಿಯುವುದಕ್ಕೆ ಅಂತ ಯಾವ ಗೇಟಿನಲ್ಲೂ ಯಾರೂ ಅವನಿಗೆ ಲೋಟ ಕೊಟ್ಟವರಿಲ್ಲ, ಉಳಿದ ನೀರು ಅಂದರೆ ಕೈಗೆ — ಅಪ್ಪ ನನ್ನ ಮುಖ ನೋಡಿದ, ಖಾಲಿ ಲೋಟ ನೋಡಿದ, ಕುಡಿಯೋಕಾ ಪುಟ್ಟಿ ಕೊಟ್ಟಿದ್ದು, ಹೇಳೋದಲ್ವಾ, ನೀನು ಕೊಟ್ರೆ ಕುಡೀತಿದ್ದೆ, ನಲ್ಲಿ ಪಕ್ಕದಲ್ಲೇ ಇದೆ, ಇನ್ನೊಂದು ಹಿಡಿಯಬಹುದು, ಹಿಡಿಯುತ್ತೇನೆ, ಕೈ ಏಳುತ್ತಿಲ್ಲ, ಅವನ ಬೆರಳಸಂದಿಯಿಂದ ನೀರು ಇನ್ನೂ ತೊಟ್ಟಿಕ್ಕುತ್ತಿದೆ, ಬೆರಳಸಂದಿಯಿಂದ, ನೆಲಕ್ಕೆ — ಹೋದದ್ದು ಅರ್ಧ ಲೋಟ.